ಕಿಟಕಿ ಕಡೆಯ ಕೆನ್ನೆ

ನನ್ನ ನಾದಿನಿಗೆ ಎರಡು ಮುಖ. ಗುಣದ ಮಾತಾಡುತ್ತಿಲ್ಲ ನಾನು. ಗುಣ ಒಂದೇ, ಅದನ್ನು ತಾಳಿಕೊಳ್ಳುವುದರಲ್ಲೇ ನಮ್ಮ ಮನೆಯವರ ಆಯುಷ್ಯ ಸವೆದಿದೆ. ಇದು ಚರ್ಮದ ಮಾತು. ಅವಳ ಎಡಗೆನ್ನೆ ಇವತ್ತಿಗೂ ಹುಡುಗಿಯ ಕೆನ್ನೆಯ ಹಾಗೆ ನುಣುಪಾಗಿದೆ. ಬಲಗೆನ್ನೆ ಮಾತ್ರ ಸವೆದ ಚಪ್ಪಲಿಯ ಅಟ್ಟೆ: ಕಪ್ಪು, ಸುಕ್ಕು, ಮೇಲೆ ಅಲ್ಲಲ್ಲಿ ಕಂದು ಚುಕ್ಕೆ. ನಡುವೆ ಮೂಗು ಗಡಿಕಲ್ಲಿನ ಹಾಗೆ ನಿಂತು ಎರಡು ಸೀಮೆಗೂ ಜಗಳವಾಗದಂತೆ ನೋಡಿಕೊಳ್ಳುತ್ತದೆ.

ಕಾರಣ ದೊಡ್ಡದೇನಲ್ಲ. ಅವಳು ಬಸ್ಸು ಓಡಿಸುತ್ತಾಳೆ. ಡ್ರೈವರ್ ಸೀಟು ಬಲಕ್ಕೆ, ಕಿಟಕಿಯೂ ಬಲಕ್ಕೆ. ಬೆಳಿಗ್ಗೆ ಊರಿನ ಉತ್ತರದ ತುದಿಗೆ ಹೋಗುವಾಗ ಸೂರ್ಯ ಅವಳ ಬಲಗಡೆ ಹುಟ್ಟುತ್ತಾನೆ. ಸಂಜೆ ಬರುವಾಗಲಾದರೂ ಎಡಗಡೆ ಮುಳುಗಬಾರದೇ? ಅಷ್ಟು ಹೊತ್ತಿಗೆ ಬಸ್ಸೇ ತಿರುಗಿರುತ್ತದೆ, ಆಗಲೂ ಅವನು ಬಲಗಡೆಯೇ. ಲೋಕಕ್ಕೆಲ್ಲ ಬೆಳಕು ಹಂಚುವವನಿಗೆ ಅವಳ ಆ ಒಂದು ಕೆನ್ನೆಯ ಮೇಲೆ ಅದೇನು ಮಮತೆಯೋ.

ಬಸ್ಸು ಹತ್ತುವವರು ಎಡಗಡೆಯ ಬಾಗಿಲಿನಿಂದ ಹತ್ತುತ್ತಾರೆ, ಅವರಿಗೆ ಕಾಣುವುದು ಎಡಗೆನ್ನೆ. ಬೀದಿಯಲ್ಲಿ ನಿಂತವರಿಗೆ ಕಾಣುವುದು ಬಲಗೆನ್ನೆ. ಕೊನೆಯ ಸ್ಟಾಪಿನ ಎದುರು ಅಂಗಡಿ ಇಟ್ಟಿರುವ ದರ್ಜಿಯೊಬ್ಬ ವರ್ಷಗಟ್ಟಲೆ ಕಿಟಕಿಗೆ ಕೈಬೀಸುತ್ತಿದ್ದ. ಒಂದು ದಿನ ಬಸ್ಸು ಹತ್ತಿ, ಇವಳನ್ನು ನೋಡಿ, ನಿಮ್ಮಕ್ಕ ಇವತ್ತು ರಜೆಯಾ ಅಂತ ವಿಚಾರಿಸಿದನಂತೆ. ಇಲ್ಲ, ಅವಳು ಕಿಟಕಿ ಕಡೆ ಕೂತಿದ್ದಾಳೆ ಅಂತ ಇವಳು ಗೇರು ಹಾಕಿದಳಂತೆ.

ಡಿಪೋದಲ್ಲಿ ಅವಳಿಗೆ ಇಟ್ಟ ಹೆಸರು ಅರ್ಧಚಂದ್ರ. ಟಿಕೆಟ್ಟು ತೆಗೆಯದೆ ಕೂತವರನ್ನು ಕತ್ತು ಹಿಡಿದು ಇಳಿಸುವವಳಿಗೆ ಆ ಹೆಸರು ಎರಡು ರೀತಿಯಲ್ಲೂ ಒಪ್ಪುತ್ತಿತ್ತು. ಅವಳು ಸಿಟ್ಟಾಗಲಿಲ್ಲ. ಫೋನೆತ್ತಿದರೆ ತಾನೇ "ಅರ್ಧಚಂದ್ರ ಮಾತಾಡ್ತಿರೋದು" ಅನ್ನುತ್ತಿದ್ದಳು.

ಗಂಡ ಅನ್ನುವವನು ಒಬ್ಬನಿದ್ದ. ನಾನೋ ಬಸ್ಸೋ ಎಂದು ಕೇಳಿದ. ಕೇಳಬಾರದಿತ್ತು. ಈಗ ಯಾರಾದರೂ ಅವನ ಸುದ್ದಿ ಎತ್ತಿದರೆ ಸ್ಟಾಪಿಲ್ಲದ ಕಡೆ ಇಳಿದುಹೋದ ಪ್ಯಾಸೆಂಜರ್ ಎಂದು ಮುಗಿಸುತ್ತಾಳೆ. ಆಮೇಲೆ ನಮ್ಮ ಮನೆಯ ಬೀದಿ ಕಡೆಯ ಕೋಣೆಗೆ ಬಂದು ಸೇರಿದಳು. ನನ್ನ ಯಜಮಾನರು, ಅಂದರೆ ಅವಳ ಅಣ್ಣ, ಬದುಕಿರುವವರೆಗೂ ನನ್ನ ತಂಗಿ ಡ್ರೈವರ್ ಎಂದು ಕಂಡಕಂಡವರ ಮುಂದೆ ಎದೆಯುಬ್ಬಿಸುತ್ತಿದ್ದರು. ಅವರು ಹೋದ ಮೇಲೆ ಎದೆಯುಬ್ಬಿಸುವ ಕೆಲಸವನ್ನೂ ಅವಳೇ ವಹಿಸಿಕೊಂಡಿದ್ದಾಳೆ. ಒಟ್ಟಿನಲ್ಲಿ ಆ ಸೀಟೇ ಅವಳ ಸಂಸಾರ. ಅದರಿಂದ ಅವಳನ್ನು ಇಳಿಸಿದರೆ ಉಳಿಯುವುದು ಮಾತು ಮಾತ್ರ, ಅದನ್ನು ಕೇಳಲು ಹಗಲೆಲ್ಲ ಮನೆಯಲ್ಲಿರುವವಳು ನಾನೊಬ್ಬಳು.

ಹೀಗಿರುವಾಗ ಡಿಪೋ ಮ್ಯಾನೇಜರಿಗೆ ಒಂದು ಜ್ಞಾನೋದಯವಾಯಿತು. ಇಷ್ಟು ವರ್ಷ ಒಂದು ಕೋಳಿಗೂ ಚಕ್ರ ತಾಗಿಸದ ಡ್ರೈವರಿನ ಫೋಟೋವನ್ನು ಬಾಗಿಲಿನಷ್ಟು ದೊಡ್ಡದು ಮಾಡಿಸಿ ಬಸ್ಸಿನ ಮೈಗೆ ಅಂಟಿಸುವುದು. ಜನಕ್ಕೆ ಧೈರ್ಯ ಬರುತ್ತದಂತೆ. ಅವಳು ಮನೆಗೆ ಬಂದು ಇದನ್ನು ಹೇಳಿದ ಠೀವಿ ನೋಡಿದರೆ ಊರನ್ನೇ ಬರೆದುಕೊಟ್ಟಿದ್ದಾರೆ ಅನ್ನಬೇಕು.

ಫೋಟೋ ತೆಗೆಯುವವನು ಬಂದ. ಡಿಪೋ ಅಂಗಳದಲ್ಲಿ ಅವಳನ್ನು ಸ್ಟೂಲಿನ ಮೇಲೆ ಕೂರಿಸಿದ. ಮೇಡಂ, ಸ್ವಲ್ಪ ಈ ಕಡೆ ತಿರುಗಿ ಅಂದ. ಇನ್ನೂ ಸ್ವಲ್ಪ. ಇನ್ನೂ ಸ್ವಲ್ಪ. ಬಲಗೆನ್ನೆ ಪೂರ್ತಿ ಮರೆಯಾಗಿ ಇವಳು ಗೋಡೆ ನೋಡಿಕೊಂಡು ಕೂತ ಮೇಲೂ ಅವನಿಗೆ ಸಮಾಧಾನವಿಲ್ಲ. ಬೆಳಕು ಸರಿಯಿಲ್ಲ, ಮುಂದಿನ ವಾರ ಬರುತ್ತೇನೆ ಎಂದು ಪೆಟ್ಟಿಗೆ ಮುಚ್ಚಿದ. ಹೋಗುವಾಗ ಮೆಲ್ಲಗೆ ಹೇಳಿದ: "ಅಷ್ಟರಲ್ಲಿ ಮುಖಕ್ಕೆ ಸ್ವಲ್ಪ ಏನಾದ್ರೂ ಮಾಡಿಸ್ಕೊಳ್ಳಿ ಮೇಡಂ."

ಡಿಪೋದ ಗಂಡಸರೆಲ್ಲ ಸೇರಿ ಅರ್ಧಚಂದ್ರ ಅಂದರೂ ಅಲ್ಲಾಡದವಳನ್ನು ಆ ಪೋರನ ಒಂದು 'ಸ್ವಲ್ಪ' ಕೆಡವಿತು. ಸಂಜೆ ಬಂದವಳು ಚಹಾವನ್ನೂ ಕುಡಿಯದೆ ಬಚ್ಚಲುಮನೆಯ ಕನ್ನಡಿಯ ಮುಂದೆ ನಿಂತಳು. ಎಡಗೆನ್ನೆ ನೋಡುವುದು, ಬಲಗೆನ್ನೆ ನೋಡುವುದು. ರಸ್ತೆ ದಾಟುವ ಮಗುವಿನ ಹಾಗೆ.

ಆ ಕನ್ನಡಿಯ ಪಕ್ಕದ ಗೂಡಿನಲ್ಲೇ ಇತ್ತು ಸೊಸೆಯ ಬಾಟಲಿ. ನನ್ನ ಸೊಸೆಗೆ ಕೆನ್ನೆಯ ಮೇಲೆ ಬಂಗು. ಮನೆಯಲ್ಲೇ ಹಚ್ಚಿಕೊಳ್ಳುವ ಪೀಲ್ ಅಂತ ಏನನ್ನೋ ತರಿಸಿದ್ದಳು. ಹಚ್ಚಿದರೆ ಮೇಲಿನ ಹಳೆಯ ಚರ್ಮ ಪೊರೆಯ ಹಾಗೆ ಉದುರಿ ಕೆಳಗಿನ ಹೊಸದು ಬರುತ್ತದಂತೆ. ಹಾವಿಗೆ ಪುಕ್ಕಟೆ ಆಗುವುದಕ್ಕೆ ಮನುಷ್ಯರಿಗೆ ಬಾಟಲಿ ಬೇಕು. ನನ್ನ ಮುಖದ ಸುಕ್ಕಿಗೆ ಯಾರೂ ಬಾಟಲಿ ತರಿಸಲಿಲ್ಲ, ಅದು ಬೇರೆ ಮಾತು.

ನಾದಿನಿ ಕೇಳಿದಳು ಅಂತ ಸೊಸೆ ಸಂತೋಷದಿಂದಲೇ ಕೊಟ್ಟಳು, ಪಾಠವನ್ನೂ ಹೇಳಿದಳು. ಮೊದಲು ಕಿವಿಯ ಹಿಂದೆ ಚೂರು ಹಚ್ಚಿ ಒಂದು ದಿನ ಕಾಯಬೇಕು. ಮುಖಕ್ಕೆ ಹಚ್ಚಿದರೆ ಎರಡು ಮೂರು ನಿಮಿಷ, ಅಷ್ಟೇ, ತೊಳೆದುಬಿಡಬೇಕು. ಕಣ್ಣಿನ ಹತ್ತಿರ ಹೋಗಬಾರದು. ಆಮೇಲೆ ಒಂದು ವಾರ ಬಿಸಿಲಿಗೆ ಮುಖ ಒಡ್ಡಬಾರದು. ನಾದಿನಿ ತಲೆಯಾಡಿಸಿದಳು. ಅವಳು ತಲೆಯಾಡಿಸಿದಳೆಂದರೆ ಕೇಳಿಸಿಕೊಳ್ಳುತ್ತಿಲ್ಲ ಎಂದರ್ಥ. ಸೊಸೆ ಈ ಮನೆಗೆ ಹೊಸಬಳು, ಪಾಪ.

ಯಾಕೆ ಕೇಳಿಸಿಕೊಳ್ಳಲಿಲ್ಲ ಅಂದರೆ, ಅವಳಿಗೆ ಆಗಲೇ ಬೇರೆ ಗುರು ಸಿಕ್ಕಿದ್ದ. ಡಿಪೋದ ಪೇಂಟು ಮೇಸ್ತ್ರಿ. ಹಳೆಯ ಬಸ್ಸಿಗೆ ಹೊಸ ಬಣ್ಣ ಹೊಡೆಯುವ ಮುಂಚೆ ಅವನು ಹಳೆಯ ಬಣ್ಣದ ಮೇಲೆ ಒಂದು ಔಷಧಿ ಬಳಿಯುತ್ತಾನೆ. ಬಣ್ಣ ನೆಂದು, ಉಬ್ಬಿ, ಗುಳ್ಳೆಗುಳ್ಳೆಯಾಗಿ ಏಳುತ್ತದೆ. ಆಮೇಲೆ ಕೆರೆದರೆ ಹಾಳೆಯ ಹಾಗೆ ಬರುತ್ತದೆ. ಇವಳು ವರ್ಷಾನುಗಟ್ಟಲೆ ಅದನ್ನು ನೋಡಿಕೊಂಡು ಊಟ ಮಾಡಿದವಳು. ಬಣ್ಣ ಸರಿಯಾಗಿ ಏಳಬೇಕಾದರೆ ಎಷ್ಟು ಹೊತ್ತು ಬಿಡಬೇಕು ಅಂತ ಅವನನ್ನು ಕೇಳಿದ್ದಾಳೆ. ಯಾವುದರ ಬಣ್ಣ ಅಂತ ಹೇಳಿಲ್ಲ. ಅವನು ಬೀಡಿ ತೆಗೆದು, ಗುಳ್ಳೆ ಏಳೋ ತನಕ ಮುಟ್ಟಬಾರದು, ಅವಸರ ಮಾಡಿದವನ ಕೆಲಸ ತೇಪೆತೇಪೆ ಅಂತ ಉಪದೇಶ ಮಾಡಿದ್ದಾನೆ.

ವಾರದ ರಜೆಯ ದಿನ ಮಧ್ಯಾಹ್ನ. ಸೊಸೆ ಕೆಲಸಕ್ಕೆ ಹೋಗಿದ್ದಳು. ನಾನು ಅಡುಗೆಮನೆಯಲ್ಲಿ ಬೆಂದ ಆಲೂಗಡ್ಡೆಯ ಸಿಪ್ಪೆ ಬಿಡಿಸುತ್ತಿದ್ದೆ. ಅವಳು ಎದುರು ಬಂದು ಕೂತು ಮೇಜಿನ ಮೇಲೆ ಅಂಗಡಿ ಹರಡಿದಳು: ಬಾಟಲಿ, ಡಿಪೋದಿಂದ ತಂದ ಹೊಸ ಬ್ರಷ್ಷು, ಹಳೆಯ ಬಸ್ಸಿನಿಂದ ಬಿಚ್ಚಿದ ಕನ್ನಡಿ, ಒಂದು ಸುರುಳಿ ಕಾಗದದ ಟೇಪು. ಬಸ್ಸಿಗೆ ಎರಡು ಬಣ್ಣ ಹೊಡೆಯುವಾಗ ಒಂದು ಇನ್ನೊಂದಕ್ಕೆ ಹರಿಯದಿರಲಿ ಅಂತ ಅಂಟಿಸುವ ಟೇಪು ಅದು. ಹಣೆಯ ನಡುವಿನಿಂದ ಮೂಗಿನ ಏಣಿನ ಮೇಲೆ ಗದ್ದದವರೆಗೆ ನೇರಕ್ಕೆ ಅಂಟಿಸಿಕೊಂಡಳು. ಬಲಗಣ್ಣಿನ ಕೆಳಗೆ ಒಂದು ತುಂಡು. ಎಡಗಡೆ ಚೆನ್ನಾಗಿದೆಯಲ್ಲ, ಅದನ್ನೇಕೆ ಮುಟ್ಟಬೇಕು ಅನ್ನುವುದು ಅವಳ ಲೆಕ್ಕ.

ನಾನು ಸುಮ್ಮನಿರಲಾರದೆ ಹೇಳಿದೆ: "ಬೇಯಿಸಿದ್ರೆ ಸಿಪ್ಪೆ ಸಲೀಸಾಗಿ ಬರುತ್ತೆ ಕಣೇ. ಕುಕ್ಕರ್ ಇನ್ನೂ ಬಿಸಿ ಇದೆ."

"ನಗಿ ಅತ್ತಿಗೆ, ನಗಿ. ಬಸ್ಸು ನಮ್ಮನೆ ಮುಂದೆ ಹೋಗುವಾಗ ಯಾರು ನಗ್ತಾರೆ ನೋಡೋಣ."

ಬ್ರಷ್ಷಿನಲ್ಲಿ ಅದ್ದಿ, ಮೇಲಿನಿಂದ ಕೆಳಗೆ, ಒಂದೇ ದಿಕ್ಕಿಗೆ, ಗುಡಿಸಿದ ಹಾಗೆ ಬಳಿದಳು. ಒಣಗಿತು ಅಂತ ಇನ್ನೊಂದು ಕೋಟು. ಹುಳಿಹುಳಿ ವಾಸನೆ ಅಡುಗೆಮನೆ ತುಂಬಿತು. ಎರಡು ಮೂರು ನಿಮಿಷ ಯಾವಾಗಲೋ ಕಳೆಯಿತು. ತೊಳೆದುಕೋ ಅಂದೆ. ಗುಳ್ಳೆ ಎದ್ದಿಲ್ಲ ಅಂದಳು. ಉರಿಯುತ್ತಿಲ್ಲವೇ ಅಂದೆ. ಇಂಜಿನ್ ಬಿಸಿಯಾಗಬೇಕಲ್ಲ ಅಂದಳು. ನಾನು ಇನ್ನೆರಡು ಆಲೂಗಡ್ಡೆ ಬಿಡಿಸಿ ತಲೆಯೆತ್ತಿ ನೋಡಿದರೆ ಕೆನ್ನೆಯ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಮಚ್ಚೆ ಏಳುತ್ತಿತ್ತು. ಅವಳು ಕನ್ನಡಿಗೆ ಮುಖ ಕೊಟ್ಟು, ತೃಪ್ತಿಯಿಂದ, ಕೆಳಗಿನ ಪ್ರೈಮರ್ ಕಾಣ್ತಿದೆ ಅಂದಳು.

ಆಮೇಲೆ ಕಣ್ಣಲ್ಲಿ ನೀರು ಬಂತು. ನೀರಿಗೆ ಟೇಪು ಬಿಟ್ಟುಕೊಂಡಿತು. ಒರೆಸಿಕೊಂಡಾಗ ಟೇಪಿನ ಹಿಂದೆ ನಿಂತಿದ್ದ ಔಷಧಿ ರೆಪ್ಪೆಗೆ ಹತ್ತಿತು. ಅವಳು ಕೂಗಲಿಲ್ಲ. ಮಾತು ನಿಂತಿತು. ಹುಟ್ಟಿದಾಗಿನಿಂದ ನಿಲ್ಲದ ಮಾತು ನಿಂತದ್ದಕ್ಕೇ ನನಗೆ ಹೆದರಿಕೆಯಾಯಿತು. ಜುಟ್ಟು ಹಿಡಿದು ಎಳೆದುಕೊಂಡು ಹೋಗಿ ನಲ್ಲಿಯ ಕೆಳಗೆ ಒಡ್ಡಿದೆ. ತೊಟ್ಟಿ ಖಾಲಿಯಾಗುವವರೆಗೂ ಬಿಡಲಿಲ್ಲ. ತೋಳಿಗೂ ಬಳಿಯುವ ಯೋಚನೆಯಿತ್ತಂತೆ. ಬಾಟಲಿ ಮುಗಿದಿತ್ತು, ತೋಳು ಬದುಕಿತು.

ಇರಲಾರದೆ ಇರುವೆ ಬಿಟ್ಟುಕೊಂಡರು ಅಂತ ಗಾದೆ. ನಮ್ಮವಳು ಇರುವೆ ಬಿಟ್ಟುಕೊಂಡದ್ದಲ್ಲದೆ ಮಾರನೆಯ ದಿನ ಅದಕ್ಕೆ ಸಕ್ಕರೆಯನ್ನೂ ಹಾಕಿದಳು. ಕೆನ್ನೆ ಕೆಂಪಗೆ ಬಿಗಿದಿತ್ತು, ರೆಪ್ಪೆ ಭಾರವಾಗಿತ್ತು. ಸೊಸೆ ಬೇಡ ಅತ್ತೆ ಅಂತ ಬಾಗಿಲಿಗೆ ಅಡ್ಡ ನಿಂತಳು. ಡ್ಯೂಟಿ ತಪ್ಪಿಸಿದರೆ ಫೋಟೋ ಇನ್ನೊಬ್ಬರ ಪಾಲಾಗುತ್ತದೆ ಅಂತ ಇವಳು ಅವಳ ಪಕ್ಕದಿಂದಲೇ ಓವರ್‌ಟೇಕ್ ಮಾಡಿದಳು. ಬಲಗಡೆ ಸೂರ್ಯ ಕಾದು ಕೂತಿದ್ದ. ಹೊಸ ಚರ್ಮ ಸಿಕ್ಕಿದರೆ ಅವನು ಬಿಡುತ್ತಾನೆಯೇ.

ತಿರುಗಿ ಬರುವ ಟ್ರಿಪ್ಪಿನಲ್ಲಿ ಬಲಗಣ್ಣು ಊದಿ ಮುಚ್ಚಿಕೊಂಡಿತು. ಇಲ್ಲಿ ಅವಳ ಗುಣವನ್ನೂ ಹೇಳಬೇಕು. ಒಂದು ಕಣ್ಣಲ್ಲಿ ಒಂದು ಗೇಣು ಮುಂದೆ ಓಡಿಸಲಿಲ್ಲ. ಸ್ಟಾಪಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಜನರನ್ನೆಲ್ಲ ಹಿಂದಿನ ಬಸ್ಸಿಗೆ ಹತ್ತಿಸಿ, ಡಿಪೋಗೆ ಫೋನು ಮಾಡಿ, ಬೇರೆ ಡ್ರೈವರ್ ಬರುವವರೆಗೂ ಬೀಗದ ಕೈ ಮುಷ್ಟಿಯಲ್ಲಿ ಹಿಡಿದು ಫುಟ್‌ಪಾತಿನಲ್ಲಿ ಕೂತಿದ್ದಳು.

ಮ್ಯಾನೇಜರು ನೋಡಿ ನಿಟ್ಟುಸಿರು ಬಿಟ್ಟರಂತೆ. "ಅಪಘಾತ ಮಾಡಿಲ್ಲ ಅಂತ ಫೋಟೋ ಹಾಕೋಕೆ ಹೊರಟಿದ್ವಿ. ನೀವು ಮುಖಕ್ಕೇ ಮಾಡ್ಕೊಂಡು ಬಂದಿದ್ದೀರಲ್ಲಮ್ಮ."

ತೀರ್ಮಾನ ಹೀಗಾಯಿತು: ತಿಂಗಳ ಕೊನೆಗೆ ಕಂಪನಿಯ ಡಾಕ್ಟರು ಕಣ್ಣು ಪರೀಕ್ಷೆ ಮಾಡುತ್ತಾರೆ. ಬಲಗಣ್ಣು ಪೂರ್ತಿ ತೆರೆದು ಸರಿಯಾಗಿ ಕಂಡರೆ ಬಸ್ಸು, ಫೋಟೋ ಏನಿದ್ದರೂ ಆಮೇಲೆ. ಇಲ್ಲವಾದರೆ ಬಸ್ ನಿಲ್ದಾಣದ ವಿಚಾರಣೆ ಕೌಂಟರು. ನೆರಳು, ಫ್ಯಾನು, ಗಾಜಿನ ಕಿಟಕಿ. ಬೇರೆ ಯಾರಿಗಾದರೂ ಅದು ಬಡ್ತಿ. ಅವಳು ಬಂದು ಹೇಳಿದ್ದು ಜೈಲಾಯಿತು ಅನ್ನುವ ದನಿಯಲ್ಲಿ.

ಚರ್ಮದ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ವಯಸ್ಸಿನಲ್ಲಿ ಚಿಕ್ಕಾಕೆ, ತಾಳ್ಮೆಯವಳು. ಎಷ್ಟು ಹೊತ್ತು ಬಿಟ್ಟಿರಿ, ಎಷ್ಟು ಸಲ ಹಚ್ಚಿದಿರಿ ಅಂತ ಒಂದೊಂದೇ ಕೇಳಿದಳು. ಎರಡು ಕೋಟು ಅಂತ ಇವಳು ಹೇಳಿದಾಗ ಆಕೆಯ ಪೆನ್ನು ನಿಂತಿತು. ಕಣ್ಣಿನ ಒಳಗೆ ಹೆಚ್ಚು ಹೋಗಿಲ್ಲ, ಬೇಗ ತೊಳೆದದ್ದು ಒಳ್ಳೆಯದಾಯಿತು, ರೆಪ್ಪೆಯ ಊತ ಇಳಿಯಬೇಕು ಅಂದಳು. ಮುಲಾಮು ಕೊಟ್ಟಳು, ಹಕ್ಕಳೆ ಕೀಳಬೇಡಿ ಅಂದಳು, ಬಿಸಿಲು ಕೂಡದು ಅಂದಳು. ಕಪ್ಪು ಹೋಗುತ್ತದಾ ಅಂತ ನಮ್ಮವಳಿಗೆ ಅಲ್ಲೂ ಆಸೆ.

"ಇನ್ನೂ ಹೆಚ್ಚಾಗುತ್ತೆ," ಅಂದಳು ಆಕೆ. "ಚರ್ಮ ಸುಟ್ಟರೆ ಕಪ್ಪಾಗೋದು ಜಾಸ್ತಿ ಅಮ್ಮ, ಕಮ್ಮಿ ಅಲ್ಲ."

ಆ ತಿಂಗಳು ನಾನು ಬಾಳಿದ ಬಾಳು ಯಾರಿಗೂ ಬೇಡ. ಬೀದಿ ಕಡೆಯ ಕೋಣೆಗೆ ಪರದೆ ಎಳೆದು ಅವಳನ್ನು ಒಳಗಿಟ್ಟೆ. ಅವಳ ಬಸ್ಸು ನಮ್ಮ ಮನೆಯ ಮುಂದೆಯೇ ಹೋಗುವುದು. ಕತ್ತಲಲ್ಲಿ ಮಲಗಿಕೊಂಡೇ ಶಬ್ದದ ಮೇಲೆ ತೀರ್ಪು ಕೊಡುತ್ತಿದ್ದಳು. ಈಗ ಹೋದದ್ದರ ಕ್ಲಚ್ಚು ಜಾರುತ್ತಿದೆ. ಇದರ ಹಿಂದಿನ ಬಾಗಿಲು ಸಡಿಲ. ತನ್ನ ಬಸ್ಸು ಬಂದಾಗ ಮಾತ್ರ ಎದ್ದು ಕೂರುತ್ತಿದ್ದಳು. ಅವಳ ಜಾಗಕ್ಕೆ ಹಾಕಿದ ಹುಡುಗ ಸ್ಟಾಪಿಗೆ ಬಂದಾಗಲೆಲ್ಲ ಕಿರ್ರೆಂದು ಬ್ರೇಕು ಒತ್ತುತ್ತಿದ್ದ. ಹಲ್ಲು ಕೀಳಿಸಿಕೊಂಡವರ ಹಾಗೆ ಇವಳು ದವಡೆ ಹಿಡಿದುಕೊಳ್ಳುತ್ತಿದ್ದಳು.

ಪೇಂಟು ಮೇಸ್ತ್ರಿ ಬಿಸ್ಕತ್ತಿನ ಪೊಟ್ಟಣ ಹಿಡಿದು ನೋಡಲು ಬಂದ. ಪಾಪದವನು, ಬಾಗಿಲಲ್ಲೇ ಟೋಪಿ ತೆಗೆದು ನಿಂತ. ಅವಳು ಪರದೆಯ ಒಳಗಿನಿಂದಲೇ, ಗುಳ್ಳೆ ಚೆನ್ನಾಗಿ ಎದ್ದಿದೆ ಮೇಸ್ತ್ರಿ, ಕೆರೆಯೋಕೆ ಬಂದ್ರಾ ಅಂದಳು.

"ನಾನು ಹೇಳಿದ್ದು ತಗಡಿಗೆ ಅಕ್ಕ," ಅಂದ ಅವನು. ತಂದ ಬಿಸ್ಕತ್ತನ್ನು ತಾನೇ ಎರಡು ತಿಂದು ಹೋದ.

ಊತ ನಿಧಾನಕ್ಕೆ ಇಳಿಯಿತು. ಹಕ್ಕಳೆ ಉದುರಿತು. ಅದರ ಕೆಳಗಿನಿಂದ ಹೊಸ ಚರ್ಮ ಬಂತು. ನಡುವೆ ಎಳೆಗೆಂಪು, ಅಂಚಿಗೆ ಮೊದಲಿಗಿಂತ ಕಪ್ಪು, ಕಿವಿಯ ಹತ್ತಿರ ಹಳೆಯದೇ. ಎರಡು ಬಣ್ಣದ ಮುಖವನ್ನು ಒಂದು ಮಾಡಲು ಹೋಗಿ ನಾಲ್ಕು ಮಾಡಿಕೊಂಡಿದ್ದಳು. ಆದರೆ ಅವಳು ಕೆನ್ನೆ ನೋಡುತ್ತಿರಲಿಲ್ಲ. ಎಡಗಣ್ಣು ಕೈಯಲ್ಲಿ ಮುಚ್ಚಿಕೊಂಡು, ಪರದೆಯ ಸಂದಿನಿಂದ ಬೀದಿ ನೋಡುತ್ತ, ಎದುರಿನ ಅಂಗಡಿಯ ಬೋರ್ಡು ಓದುತ್ತಿದ್ದಳು. ಮೇಲಿನ ದಪ್ಪ ಅಕ್ಷರ ಬಂತು. ಕೆಳಗಿನ ಸಣ್ಣ ಅಕ್ಷರ ಬರಲಿಲ್ಲ. ಮಾರನೆಯ ದಿನ ಮತ್ತೆ. ಅದರ ಮಾರನೆಯ ದಿನ ಮತ್ತೆ. ಒಂದು ದಿನ ಬೆಳಿಗ್ಗೆ ಅಡುಗೆಮನೆಗೆ ಕೇಳುವ ಹಾಗೆ ಗಟ್ಟಿಯಾಗಿ ಓದಿದಳು: "ಸಾಲ ಕೇಳಬೇಡಿ."

ಪರೀಕ್ಷೆಗೆ ನನ್ನನ್ನೂ ಎಳೆದುಕೊಂಡು ಹೋದಳು. ಕಂಪನಿಯ ಡಾಕ್ಟರು ವಯಸ್ಸಾದವರು, ಅನುಮಾನದ ಮನುಷ್ಯ. ಗೋಡೆಯ ಮೇಲಿನ ಅಕ್ಷರ ಓದಿಸಿದರು, ಓದಿದಳು. ಎಲ್ಲರೂ ಬಾಯಿಪಾಠ ಮಾಡಿಕೊಂಡು ಬರುತ್ತಾರೆ ಅಂತ ಗೊಣಗಿದರು. ಎಡಗಣ್ಣಿನ ಮೇಲೆ ಮುಚ್ಚಳ ಇಟ್ಟು ಕಿಟಕಿಯ ಹತ್ತಿರ ನಿಲ್ಲಿಸಿದರು. ಹೊರಗೆ ಡಿಪೋ ಅಂಗಳ, ಆ ತುದಿಯಲ್ಲಿ ಸಾಲಾಗಿ ಬಸ್ಸುಗಳು. ಕೊನೆಯ ಬಸ್ಸಿನ ನಂಬರು ಹೇಳಿ ಅಂದರು. ಅವಳ ಕೈ ನನ್ನ ಕೈಯಲ್ಲಿತ್ತು.

ನಂಬರು ಹೇಳಿದಳು. ಡಾಕ್ಟರು ಮುಚ್ಚಳ ತೆಗೆಯಲು ಕೈ ಚಾಚಿದರು.

"ತಾಳಿ ಸಾರ್. ಅದರ ಬಲಗಡೆ ವೈಪರ್ ರಬ್ಬರು ಕಿತ್ತಿದೆ. ಮುಂದಿನ ಚಕ್ರಕ್ಕೆ ಗಾಳಿ ಕಮ್ಮಿ. ಅದು ನನ್ನ ಬಸ್ಸು. ಯಾರ ಕೈಗೆ ಕೊಟ್ಟಿದ್ರಿ ಅದನ್ನ?"

ಡಾಕ್ಟರು ಸಹಿ ಹಾಕಿದರು. ಜೊತೆಗೆ ಮ್ಯಾನೇಜರ ಅಪ್ಪಣೆಯೂ ಬಂತು: ತುಂಬು ತೋಳು, ಅಂಚಿನ ಟೋಪಿ, ಡಾಕ್ಟರು ಹೇಳಿದ ಬಿಸಿಲಿನ ಕ್ರೀಮು, ಕಿಟಕಿಯ ಗಾಜಿಗೆ ಬಿಸಿಲು ತಡೆಯುವ ಹಾಳೆ. ಇಷ್ಟು ವರ್ಷ ಆ ಗಾಜಿಗೊಂದು ಹಾಳೆ ಅಂಟಿಸಬಹುದು ಅಂತ ಕಂಪನಿಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಬಸ್ಸಿನ ಮೈಗೆ ಫೋಟೋ ಅಂಟಿಸಬಹುದು ಅಂತ ಮಾತ್ರ ಹೊಳೆದಿತ್ತು.

ಫೋಟೋ ತೆಗೆಯುವವನು ಮತ್ತೆ ಬಂದ. ಮುಖ ನೋಡಿ, ಸ್ವಲ್ಪ ಈ ಕಡೆ ಅಂದ. ಅವಳು ತಿರುಗಲಿಲ್ಲ. ನಾನು ಓಡಿಸುವಾಗ ರಸ್ತೆ ನೋಡ್ತೀನಿ, ಗೋಡೆ ನೋಡಲ್ಲ, ತೆಗೆದರೆ ಎದುರಿನಿಂದ ತೆಗಿ ಅಂದಳಂತೆ. ಎದುರಿನಿಂದಲೇ ತೆಗೆದ. ಬಾಗಿಲಿನಷ್ಟು ದೊಡ್ಡ ಮುಖ, ನಾಲ್ಕು ಬಣ್ಣವೂ ಸೇರಿ, ಬಸ್ಸಿನ ಬಲಗಡೆ, ಅವಳ ಕಿಟಕಿಯ ಹಿಂದೆಯೇ ಅಂಟಿತು. ಜನಕ್ಕೆ ಧೈರ್ಯ ಬಂತೋ ಇಲ್ಲವೋ ತಿಳಿಯದು. ಕೊನೆಯ ಸ್ಟಾಪಿನ ದರ್ಜಿ ಮಾತ್ರ ಕೈಬೀಸುವುದನ್ನು ಬಿಟ್ಟು ಎದ್ದು ನಿಲ್ಲತೊಡಗಿದ.

ಇದೆಲ್ಲ ಆಗಿ ಎರಡು ಬೇಸಿಗೆ ಕಳೆಯಿತು. ಮೊನ್ನೆ ಬಸ್ಸು ನಮ್ಮ ಮನೆಯ ಮುಂದೆ ನಿಂತಾಗ ಜಗಲಿಯಿಂದ ಆ ಫೋಟೋ ನೋಡಿದೆ. ಬಲಗಡೆಯ ಬಿಸಿಲು ಅದನ್ನೂ ಬಿಟ್ಟಿಲ್ಲ. ಮುಖದ ಬಣ್ಣ ಪೂರ್ತಿ ಹಾರಿಹೋಗಿ ಎಡಗೆನ್ನೆ, ಬಲಗೆನ್ನೆ, ಮೂಗು, ಎಲ್ಲ ಒಂದೇ ತೆರನಾಗಿ ಬೆಳ್ಳಗಾಗಿದೆ. ಗದ್ದದ ಹತ್ತಿರ ಅಂಚು ಬಿಟ್ಟುಕೊಂಡು ಗಾಳಿಗೆ ಪಟಪಟ ಅನ್ನುತ್ತಿದೆ. ಅವಳು ಟೋಪಿಯ ಕೆಳಗಿನಿಂದ ಬಗ್ಗಿ, ನಾನು ಏನು ನೋಡುತ್ತಿದ್ದೇನೆ ಅಂತ ನೋಡಿದಳು.

"ಎರಡೂ ಕೆನ್ನೆ ಒಂದಾಯ್ತಲ್ಲ ಅತ್ತಿಗೆ," ಅಂದಳು. "ಮೇಸ್ತ್ರಿಗೆ ಹೇಳಿದ್ದೀನಿ, ಮುಟ್ಟಬೇಡ, ತಾನಾಗೇ ಉದುರಲಿ ಅಂತ."

ಹಿಂದಿದ್ದ ಕಾರಿನವನು ಹಾರ್ನು ಒತ್ತಿದ. ಅವಳು ಕಿಟಕಿಯಿಂದ ಬಲಗೆನ್ನೆಯನ್ನು ಪೂರ್ತಿ ಹೊರಗೆ ಹಾಕಿ ಅವನನ್ನು ಒಂದು ಸಲ ನೋಡಿದಳು. ಹಾರ್ನು ನಿಂತಿತು. ಬಸ್ಸು ಹೊರಟಿತು.